ಅಫೀಮು: ಒಂದು ಶಬ್ದದ ದುರುಪಯೋಗ

ಧರ್ಮವನ್ನು ಅಫೀಮಿಗೆ ಹೋಲಿಸಿದ ಕಾರ್ಲ್ ಮಾರ್ಕ್ಸ್‌ನ ಮಾತು ನಮ್ಮ ವಿಚಾರಸಂಕಿರಣಗಳಲ್ಲಿ ಸವಕಲು ನಾಣ್ಯವಾಗಿದೆ. ಚಿತ್ರದುರ್ಗದಲ್ಲಾಗಲಿ ಹೊಸದುರ್ಗದಲ್ಲಾಗಲಿ, ಜಿನಭಕ್ತಿಯ ಪ್ರಸಂಗ ಬಂದೊಡನೆ ಅದನ್ನು ಚಲಾಯಿಸಿ ಮುಂದೆ ಸಾಗುವುದು ರೂಢಿ. ಅಫೀಮೆಂದರೆ ಅಮಲು, ಅಮಲೆಂದರೆ ಬುದ್ಧಿಭ್ರಂಶ, ಆದ್ದರಿಂದ ಧರ್ಮವೂ ಬುದ್ಧಿಭ್ರಂಶ: ತರ್ಕ ಇಷ್ಟೇ. ಇದರ ಮೊದಲ ಮೆಟ್ಟಿಲೇ ಮುರಿದಿದೆ.

ಶಬ್ದದ ಮೂಲ ಗ್ರೀಕಿನದು. ಗಿಡದ ರಸವನ್ನು ಸೂಚಿಸುವ 'ಓಪೋಸ್'ನಿಂದ 'ಓಪಿಯೋನ್' ಹುಟ್ಟಿತು. ಅರಬ್ಬಿ-ಪಾರಸಿಗಳಲ್ಲಿ 'ಅಫ್ಯೂನ್' ಆಯಿತು. ಸಂಸ್ಕೃತದವರು ಅದನ್ನು 'ಅಹಿಫೇನ' ಎಂದು ತಿದ್ದಿ, ಹಾವಿನ ನೊರೆ ಎಂಬ ಅರ್ಥವನ್ನೂ ಹೊಂದಿಸಿಕೊಟ್ಟರು. ಚರಕ, ಸುಶ್ರುತರಲ್ಲಿ ಕಾಣದ ಈ ದ್ರವ್ಯ ಶಾರ್ಙ್ಗಧರಸಂಹಿತೆಯ ಕಾಲಕ್ಕೆ ವೈದ್ಯರ ಕೈಗೆ ಬಂದಿತ್ತು. ನಮ್ಮ ಶಾಸ್ತ್ರಗ್ರಂಥಗಳನ್ನು ಅದು ಹೊಕ್ಕದ್ದು ಔಷಧವಾಗಿ. ಹಬ್ಬದ ಪಾಯಸದ ಗಸಗಸೆಯೂ ಅದೇ ಗಿಡದ ಬೀಜವೆಂಬುದನ್ನು ನೆನಪಿಸಿದರೆ ವಿದ್ಯಾರ್ಥಿಗಳು ನಗುತ್ತಾರೆ.

'ಅಮಲು' ಇನ್ನೂ ಸ್ವಾರಸ್ಯದ ಶಬ್ದ. ಅರಬ್ಬಿಯಲ್ಲಿ ಅದಕ್ಕೆ ಕೆಲಸ ಎಂದರ್ಥ. ಅಲ್ಲಿಂದ ಆಡಳಿತ, ಪರಿಣಾಮ, ಕೊನೆಗೆ ನಶೆ. ಮಾರವಾಡದ ಮಾತಿನಲ್ಲಿ 'ಅಮಲ್' ಎಂದರೆ ಅಫೀಮೇ. ಮೈಸೂರು ಸಂಸ್ಥಾನದಲ್ಲಿ ಹಿರಿಯೂರು, ಹೊಳಲ್ಕೆರೆಯಂಥ ತಾಲ್ಲೂಕುಗಳ ಅಧಿಕಾರಿಗಳು ಅಮಲ್ದಾರರು. ಅವರನ್ನು ನಶೆಯ ಒಡೆಯರೆಂದು ಯಾರೂ ವ್ಯಾಖ್ಯಾನಿಸಲಿಲ್ಲ, ಪುಣ್ಯ!

ಹೆಗೆಲನ ನ್ಯಾಯದರ್ಶನದ ವಿಮರ್ಶೆಗೆ ಮಾರ್ಕ್ಸ್ ಬರೆದ ಪೀಠಿಕೆ ಅಚ್ಚಾದದ್ದು 1844ರಲ್ಲಿ. ಆಗ ಯುರೋಪಿನಲ್ಲಿ ಮದ್ಯಸಾರದಲ್ಲಿ ಕರಗಿಸಿದ ಅಫೀಮು, ಲಾಡನಮ್ ಎಂಬ ಹೆಸರಿನಲ್ಲಿ, ನೋವಿಗೂ ಕೆಮ್ಮಿಗೂ ಮನೆಮದ್ದಾಗಿತ್ತು. ಚೀನದೊಡನೆ ಬ್ರಿಟಿಷರು ನಡೆಸಿದ ಮೊದಲ ಅಫೀಮು ಯುದ್ಧ ಮುಗಿದು ಎರಡೇ ವರ್ಷವಾಗಿತ್ತು. ಮದ್ದಿನ ಮುಖ, ಲೂಟಿಯ ಮುಖ, ಎರಡೂ ಆ ಶಬ್ದಕ್ಕಿದ್ದವು. ಅದೇ ಕಂಡಿಕೆಯಲ್ಲಿ ಆತ ಧರ್ಮದಲ್ಲಿ ನೊಂದವರ ನಿಟ್ಟುಸಿರನ್ನೂ ಕೇಳಿದ್ದಾನೆ. ಆತ ಧರ್ಮವನ್ನು ಸಮರ್ಥಿಸಿದನೆಂದು ನಾನು ಹೇಳುತ್ತಿಲ್ಲ. ಆ ಭ್ರಮೆಯ ಸುಖ ತೊಲಗಬೇಕೆಂದೇ ಅವನ ವಾದ. ಆದರೆ ಆ ತೀರ್ಪು ಬಂದದ್ದು ನೋವನ್ನು ಒಪ್ಪಿಕೊಂಡ ಮೇಲೆ. ನಮ್ಮವರು ನೋವನ್ನು ಕತ್ತರಿಸಿ ತೀರ್ಪನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಉಪಮೆಗಳ ವಿವೇಕ ಬೇಕಿದ್ದರೆ ದೂರ ಹೋಗಬೇಕಿಲ್ಲ. ನೇಮಿಚಂದ್ರರ ಗೊಮ್ಮಟಸಾರಕ್ಕೆ ಕೇಶವವರ್ಣಿ 1359ರಲ್ಲಿಯೇ ಕನ್ನಡ ವೃತ್ತಿ ಬರೆದಿದ್ದಾನೆ. ಅಲ್ಲಿ ಮೋಹನೀಯ ಕರ್ಮಕ್ಕೆ ಮದ್ಯದ ಹೋಲಿಕೆ. ವೇದನೀಯಕ್ಕೆ ಖಡ್ಗದ ಹೋಲಿಕೆ, ಜೇನು ಸವರಿದ ಅಲಗೆಂದು ಪರಂಪರೆ ಅದನ್ನು ವಿವರಿಸುತ್ತದೆ. ನಾಲಗೆಗೆ ಸವಿ, ಜೊತೆಗೇ ಗಾಯ. ಮಾರ್ಕ್ಸ್‌ನ ಅಫೀಮು ಈ ಅಲಗಿಗೆ ಹತ್ತಿರದ್ದು; ನಮ್ಮ ವಿಮರ್ಶಕರು ಅದನ್ನು ಮದ್ಯದ ಗಡಿಗೆಗೆ ಸುರಿದಿದ್ದಾರೆ.

ಪಂಪನ ಆದಿಪುರಾಣದಲ್ಲಿ ನೀಲಾಂಜನೆ ಕುಣಿಯುತ್ತಿದ್ದಂತೆಯೇ ಇಲ್ಲವಾಗುತ್ತಾಳೆ. ಆದಿದೇವನ ರಾಜ್ಯಭೋಗದ ಅಮಲು ಆ ಕ್ಷಣದಲ್ಲಿ ಇಳಿಯುತ್ತದೆ. ಆ ಪ್ರಸಂಗಕ್ಕೇ ಅಫೀಮಿನ ಮುದ್ರೆಯೊತ್ತಿದ ಸಂಶೋಧನ ಪ್ರಬಂಧವೊಂದನ್ನು ಇತ್ತೀಚೆಗೆ ಓದಿದೆ. ಅದರಲ್ಲಿ ಪಂಪನ ಒಂದು ಪದ್ಯವೂ ಉದ್ಧೃತವಾಗಿರಲಿಲ್ಲ.