ಪಾಪೆಯ ಹಿಂದೆ ಏನಿದೆ?

ಕಣ್ಣಿನ ಪಾಪೆ ಕಪ್ಪಗೆ ಕಾಣುವುದೇಕೆ? ಅಲ್ಲಿ ಕಪ್ಪು ವಸ್ತುವೇನೂ ಇಲ್ಲ, ಅದು ಬರೀ ಒಂದು ರಂಧ್ರ. ಒಳಹೊಕ್ಕ ಬೆಳಕಿನಲ್ಲಿ ಅಲ್ಪಭಾಗ ಅಕ್ಷಿಪಟಲದಿಂದ ಮರಳುತ್ತದೆ, ಆದರೆ ಬಂದ ದಾರಿಯಲ್ಲೇ ಮರಳುತ್ತದೆ. ಅದನ್ನು ನೋಡಲು ಆ ದಾರಿಯಲ್ಲಿ ತಲೆಯಿಟ್ಟರೆ ಬೆಳಕಿಗೇ ಅಡ್ಡವಾಯಿತು! ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಈ ತೊಡಕಿಗೆ ಕಂಡುಕೊಂಡ ಉಪಾಯವನ್ನು 1851ರಲ್ಲಿ ಪ್ರಕಟಿಸಿದರು. ಓರೆಯಾಗಿಟ್ಟ ಗಾಜಿನಿಂದ ಬೆಳಕನ್ನು ಕಣ್ಣಿನೊಳಕ್ಕೆ ಪ್ರತಿಫಲಿಸುವುದು, ಅದೇ ಗಾಜಿನ ಮೂಲಕ ಒಳಗೆ ನೋಡುವುದು. ಅಷ್ಟೇ.

ಇಂದಿನ ಫಂಡಸ್ ಕ್ಯಾಮೆರಾ ಆ ಉಪಕರಣದ ಮೊಮ್ಮಗು. ಕತ್ತಲ ಕೋಣೆಯಲ್ಲಿ ರೋಗಿ ಗಲ್ಲವನ್ನು ಆಸರೆಯ ಮೇಲಿಟ್ಟು ಕೂರುತ್ತಾರೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಕ್ಯಾಮೆರಾವನ್ನು ಹೊಂದಿಸಿಕೊಂಡು, ಕ್ಷಣಮಾತ್ರ ಬಿಳಿಯ ಬೆಳಕು ಮಿಂಚಿಸುತ್ತಾರೆ. ಪಾಪೆ ಕಿರಿದಾಗುವ ಮುನ್ನವೇ ಚಿತ್ರ ಸಿದ್ಧ. ಇನ್ನೊಂದು ಕಣ್ಣಿಗೆ ಸ್ವಲ್ಪ ಕಾಯಬೇಕು, ಏಕೆಂದರೆ ಒಂದು ಕಣ್ಣಿಗೆ ಬೆಳಕು ಬಿದ್ದರೆ ಎರಡರ ಪಾಪೆಯೂ ಕುಗ್ಗುತ್ತದೆ. ಕನ್ನಡಿಯೆದುರು ನೀವೇ ಪರೀಕ್ಷಿಸಬಹುದು.

ಚಿತ್ರದಲ್ಲಿ ಕಿತ್ತಳೆಗೆಂಪು ಹಿನ್ನೆಲೆ, ಕವಲೊಡೆದ ರಕ್ತನಾಳಗಳು, ಅವು ಹೊರಡುವಲ್ಲಿ ತಿಳಿಹಳದಿಯ ಬಿಲ್ಲೆ. ಪಠ್ಯದಲ್ಲಿ ಓದಿದ ಕುರುಡು ಚುಕ್ಕೆ ಇದೇ. ಬಿಲ್ಲೆ ನಮ್ಮ ಬಲಕ್ಕಿದ್ದರೆ ಅದು ಬಲಗಣ್ಣಿನ ಚಿತ್ರ. ಹಳದಿ ಚುಕ್ಕೆ ಮಾತ್ರ ಹೆಸರಿಗಷ್ಟೇ ಹಳದಿ, ಚಿತ್ರದಲ್ಲಿ ಸುತ್ತಲಿಗಿಂತ ಕಡುಬಣ್ಣ. (ಅಂಕಕ್ಕಾಗಿ ಹಳದಿ ಬಳಿಯುವವರು ಬಳಿಯಲಿ!)

ಮಧುಮೇಹವಿದ್ದವರ ಚಿತ್ರದಲ್ಲಿ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು, ಹಳದಿ ಕಲೆಗಳು ಮೂಡಬಹುದು. ಆಗಲೂ ಅಜ್ಜ ಪತ್ರಿಕೆಯನ್ನು ಸಲೀಸಾಗಿ ಓದುತ್ತಿರಬಹುದು. "ಕಣ್ಣು ಚೆನ್ನಾಗಿ ಕಾಣುತ್ತಿದೆ, ಪರೀಕ್ಷೆ ಯಾಕಪ್ಪ?" ಎಂಬ ಮಾತು ಮೋಸ ಮಾಡುವುದು ಇಲ್ಲೇ. ಲೇಸರ್ ಅಥವಾ ಚುಚ್ಚುಮದ್ದಿನಿಂದ ಮುಂದಿನ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು, ಕಳೆದುಹೋದ ದೃಷ್ಟಿಯನ್ನು ಮರಳಿ ತರುವುದು ಕಷ್ಟ. ಆದ್ದರಿಂದ ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲದ ಪರೀಕ್ಷೆ ಬೇಕು.

ಆದರೆ ಜಗಳೂರಿನಿಂದಲೋ ಚನ್ನಗಿರಿಯಿಂದಲೋ ಹಿರಿಯರೊಬ್ಬರು ದಾವಣಗೆರೆಗೆ, ಹೊನ್ನಾಳಿ, ನ್ಯಾಮತಿಯವರು ಶಿವಮೊಗ್ಗಕ್ಕೆ ಹೋಗಿಬರಬೇಕಾದರೆ ಜೊತೆಗೆ ಹೋದವರ ಕೂಲಿಯೂ ಒಂದು ದಿನ ತಪ್ಪಿತು. ರೋಗಿಯ ಬದಲು ಚಿತ್ರವೇ ಪ್ರಯಾಣ ಮಾಡಿದರೆ? ಇದು ಆಗುವ ಮಾತೆಂದು ನಮ್ಮ ರಾಜ್ಯವೇ ತೋರಿಸಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್ರಾಪ್' ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳಿಗೆ ಕ್ಯಾಮೆರಾ ಒಯ್ದು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದ ಚಿತ್ರ ತೆಗೆದು ದೂರದ ತಜ್ಞರಿಗೆ ಕಳಿಸಿದರು. ಬೆಂಗಳೂರಿನದೇ ಆದ ಫೋರಸ್ ಹೆಲ್ತ್ ಸಂಸ್ಥೆ 'ತ್ರಿನೇತ್ರ' ಎಂಬ ಚಿಕ್ಕ ಕ್ಯಾಮೆರಾವನ್ನೇ ತಯಾರಿಸಿತು.

ಇನ್ನು ಚಿತ್ರವನ್ನು ಓದುವ ಕೆಲಸ. ಮೊದಲು ನೋಡಬೇಕಾದದ್ದು ರೋಗವನ್ನಲ್ಲ, ಚಿತ್ರವನ್ನೇ. ಬಿಲ್ಲೆ, ಹಳದಿ ಚುಕ್ಕೆ ಎರಡೂ ಒಳಗಿವೆಯೇ? ಸಣ್ಣ ನಾಳಗಳು ಸ್ಪಷ್ಟವೇ? ರೆಪ್ಪೆಯ ನೆರಳು ಬಿದ್ದಿದೆಯೇ? ಹಾಗಿದ್ದರೆ ರೋಗಿ ಎದ್ದು ಹೋಗುವ ಮುನ್ನವೇ ಇನ್ನೊಮ್ಮೆ ತೆಗೆಯಬೇಕು. ಪೊರೆ ಬಂದ ಕಣ್ಣಿನಲ್ಲಿ ಎಷ್ಟು ಸಲ ತೆಗೆದರೂ ಮಸುಕೇ ಬರಬಹುದು. ಮಸುಕು ಚಿತ್ರದಲ್ಲಿ ಏನೂ ಕಾಣಲಿಲ್ಲವೆಂದರೆ ರೋಗವಿಲ್ಲ ಎಂದರ್ಥವಲ್ಲ, ಅಂಥವರನ್ನು ನೇತ್ರವೈದ್ಯರೇ ನೋಡಬೇಕು. ಈಗ ಕಂಪ್ಯೂಟರೂ ಚಿತ್ರ ಓದುತ್ತದೆ, ಅದಕ್ಕೂ ಮಸುಕು ಮಸುಕೇ. ವರದಿಯಲ್ಲಿ 'ಚಿತ್ರ ಸ್ಪಷ್ಟವಿಲ್ಲ' ಎಂದಿದ್ದರೆ ಮನೆಯ ವಿದ್ಯಾರ್ಥಿಗಳು ಆ ಸಾಲನ್ನು ದೊಡ್ಡವರಿಗೆ ಓದಿ ಹೇಳಿ.

ಪಾಪೆ ಹಿಗ್ಗಿಸುವ ಹನಿ ಹಾಕಿದ್ದರೆ ಕೆಲವು ಗಂಟೆ ಹತ್ತಿರದ ಅಕ್ಷರ ಮಸುಕು, ಬಿಸಿಲು ಕಣ್ಣು ಕುಕ್ಕುತ್ತದೆ. ಬೈಕ್ ಓಡಿಸಿಕೊಂಡು ಒಬ್ಬರೇ ಹೋಗುವುದು ಬೇಡ.