ಯಂತ್ರ ನಿಂತಲ್ಲೇ, ಊರು ಬೇರೆ

ಎಚ್.ಜಿ. ವೆಲ್ಸ್‌ನ 'ದಿ ಟೈಮ್ ಮಷೀನ್' (1895) ಓದಿದವರಿಗೆ 8,02,701ನೇ ಇಸವಿಯ ವಿಚಿತ್ರ ಲೋಕ ನೆನಪಿರುತ್ತದೆ. ನನ್ನನ್ನು ಕಾಡುವುದು ಬೇರೊಂದು ವಿವರ. ಪ್ರಯೋಗಶಾಲೆಯ ಒಂದು ಮೂಲೆಯಿಂದ ಹೊರಟ ಯಂತ್ರ ಇನ್ನೊಂದು ಮೂಲೆಗೆ ಬಂದು ನಿಲ್ಲುತ್ತದೆ. ಭವಿಷ್ಯದವರು ಅದನ್ನು ಎಷ್ಟು ದೂರ ಎಳೆದಿದ್ದರೋ ಅಷ್ಟೇ ವ್ಯತ್ಯಾಸ. ಅಂದರೆ ಅದು ಲಂಡನ್ ಬಳಿಯ ರಿಚ್ಮಂಡ್ ಬಿಟ್ಟು ಕದಲಿಯೇ ಇಲ್ಲ. ಕಾಲಯಾನದ ಕಾದಂಬರಿ ಒಂದು ಊರಿನ ಕಾದಂಬರಿ ಎಂದು ನಾನು ನಂಬಿರುವುದು ಇದರಿಂದಲೇ.

ನಮ್ಮಲ್ಲಿ ಭಾಗವತದ ಕಕುದ್ಮಿ ಇದ್ದಾನೆ. ಮಗಳು ರೇವತಿಗೆ ಯೋಗ್ಯ ವರ ಯಾರೆಂದು ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಗಾನ ನಡೆಯುತ್ತಿತ್ತು, ಮುಗಿಯಲೆಂದು ಕ್ಷಣಹೊತ್ತು ಕಾದ. ಅಷ್ಟರಲ್ಲಿ ಇಲ್ಲಿ 27 ಚತುರ್ಯುಗಗಳು ಕಳೆದಿದ್ದವು. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳಿರಲಿ, ಅವರ ಮೊಮ್ಮಕ್ಕಳ ಗೋತ್ರಗಳೂ ಕೇಳಿಬರುತ್ತಿರಲಿಲ್ಲ. ರಾಜ ಮಗಳನ್ನು ಬಲರಾಮನಿಗೆ ಧಾರೆಯೆರೆದು ಬದರಿಗೆ ಹೊರಟ. ರೇವತಿ? ಜೊತೆಗಾತಿಯರೂ ಅವರ ಮನೆಗಳೂ ಅಳಿಸಿಹೋದ ಊರನ್ನು ತಲೆಯಲ್ಲಿ ಹೊತ್ತು ಅವಳು ಹೇಗೆ ಸಂಸಾರ ಮಾಡಿದಳು? ಪುರಾಣ ಅದನ್ನು ಹೇಳುವುದಿಲ್ಲ. ಕಾದಂಬರಿಕಾರರ ಕೆಲಸ ಅಲ್ಲಿಂದ ಶುರು.

ಆಕ್ಟೇವಿಯಾ ಬಟ್ಲರ್ 'ಕಿಂಡ್ರೆಡ್'ನಲ್ಲಿ (1979) ಆ ಕೆಲಸ ಮಾಡಿದರು. ಗುಲಾಮಗಿರಿಯ ಕಾಲಕ್ಕೆ ಹೋಗಿಬರುವ ಡಾನಾ ಕೊನೆಗೆ ಎಡಗೈಯನ್ನೇ ಕಳೆದುಕೊಳ್ಳುತ್ತಾಳೆ. ತೇಜಸ್ವಿಯವರಿಗಂತೂ ಯಂತ್ರವೇ ಬೇಕಾಗಲಿಲ್ಲ. 'ಕರ್ವಾಲೊ'ದಲ್ಲಿ (1980) ಒಂದು ಹಾರುವ ಓತಿಯನ್ನು ಹುಡುಕುತ್ತ ಮೂಡಿಗೆರೆಯ ಕಾಡು ಹೊಕ್ಕವರು ಕೋಟ್ಯಂತರ ವರ್ಷಗಳ ಎದುರು ನಿಲ್ಲುತ್ತಾರೆ.

ಇನ್ನು ನಮ್ಮ ಪಶ್ಚಿಮ ಬೆಂಗಳೂರು. ರಾಜಾಜಿನಗರದಲ್ಲಿ ಯಂತ್ರವಿಟ್ಟು ಹಿಂದಕ್ಕೆ ತಿರುಗಿಸಿದರೆ ಬ್ಲಾಕು, ಕ್ರಾಸುಗಳೆಲ್ಲ ಕರಗಿ ಕೇತಮಾರನಹಳ್ಳಿಯ ಹೊಲಗಳು ಕಾಣಬೇಕು. ವಿಜಯನಗರದ ಹೊಸಹಳ್ಳಿ, ಅತ್ತಿಗುಪ್ಪೆ ಈಗ ಮೆಟ್ರೊ ನಿಲ್ದಾಣಗಳ ಹೆಸರು. 2021ರಲ್ಲಿ ರೈಲು ಕೆಂಗೇರಿ ಮುಟ್ಟಿತು. ಮೈಸೂರು ರಸ್ತೆಯ ಮಗ್ಗುಲಲ್ಲಿ ಹರಿಯುವ ವೃಷಭಾವತಿ ಆ ರೈಲಿನ ಮಗುವಿಗೆ ಮೋರಿ, ಪಕ್ಕದ ಅಜ್ಜಿಗೆ ಹೊಳೆ. ಇಬ್ಬರೂ ನೋಡುತ್ತಿರುವುದು ಒಂದೇ ಕಿಟಕಿಯಿಂದ.

ಈ ನೆಲದ ಕಾಲಯಾನದ ಕತೆಗಳನ್ನು ನಮ್ಮ ಪತ್ರಿಕೆ ಆಸೆಯಿಂದ ಕೇಳುತ್ತಿದೆ. ಯಂತ್ರ ಹೇಗೆ ಓಡುತ್ತದೆ ಎಂಬುದಕ್ಕೆ ಒಂದು ಪುಟ ಸಾಕು. ಇಲ್ಲಿ ಏನು ಬೆಳೆಯುತ್ತಿದ್ದರು, ಬಾವಿ ಎಲ್ಲಿತ್ತು, ಬಡಾವಣೆಗೆ ಹೊಲ ಹೋದ ಮೇಲೆ ಆ ಮನೆಯವರು ಎಲ್ಲಿಗೆ ಹೋದರು ಎಂಬುದಕ್ಕೆ ಉಳಿದ ಪುಟಗಳನ್ನೆಲ್ಲ ಕೊಡಿ.