ದೇವಿಗೆ ಕೊಟ್ಟ ದೂರು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ತೋಟದ ದಣಪೆಯ ಪಕ್ಕ ಒಂದು ಸಣ್ಣ ಫಲಕ ಕಾಣುವುದುಂಟು: ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ. ಬೀಗವಿಲ್ಲದ ತೋಟವನ್ನೂ ಅದು ಕಾಯುತ್ತದೆ. ಹೇಗೆ? ಅಡಿಕೆ ಕೊನೆ ಕಳೆದುಕೊಂಡವನು ಸಿಗಂದೂರಿಗೆ ಹೋಗಿ ದೇವಿಗೆ ದೂರು ಹೇಳಿಕೊಳ್ಳುತ್ತಾನೆ. ಸುದ್ದಿ ಊರಲ್ಲಿ ಹಬ್ಬುತ್ತದೆ. ಕದ್ದವನೂ ಅದೇ ದೇವಿಗೆ ನಡೆದುಕೊಳ್ಳುವವನಾದರೆ, ರಾತ್ರಿ ನಿದ್ದೆ ಬರುವುದಿಲ್ಲ. ದೂರು ಕೊಟ್ಟವನಿಗಾದರೋ, ಸೇಡು ತೀರಿಸಿಕೊಳ್ಳುವ ಹೊರೆ ಇಳಿಯುತ್ತದೆ. ಇನ್ನು ಅದು ದೇವಿಗೆ ಬಿಟ್ಟದ್ದು.

ಆದರೆ ಈ ನ್ಯಾಯಕ್ಕೆ ತಪ್ಪಿತಸ್ಥನೊಬ್ಬ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರು ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ನುಂಗಿತು. ಗದ್ದೆ, ತೋಟ, ದೇವರ ಬನ ಎಲ್ಲವೂ ಹೋದವು, ನಾಡಿಗೆ ಬೆಳಕು ಬಂತು. ಯಾರ ಮೇಲೆ ದೂರು ಕೊಡುವುದು? ಸಿಗಂದೂರೇ ಆ ನೀರಿನ ಆಚೆ ಉಳಿಯಿತು. 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಸಾಗರದ ಕಡೆಯಿಂದ ಹೋಗುವವರು ಅಂಬಾರಗೋಡ್ಲಿನಲ್ಲಿ ಲಾಂಚ್ ಹತ್ತಬೇಕಿತ್ತು.

ಮಂಗನ ಕಾಯಿಲೆಯದು ಇನ್ನೂ ಕಠಿಣ ಪ್ರಶ್ನೆ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಉಣುಗು ಕಚ್ಚುವುದರಿಂದ ಬರುತ್ತದೆ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಅದು ಜೀವಗಳನ್ನು ತೆಗೆಯಿತು. ದರಗು ತರಲು ಕಾಡಿಗೆ ಹೋದದ್ದು ಯಾವ ಪಾಪ?

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಈ ಸಂಕಟವನ್ನು ದೇವರ ಮೇಲಿನ ಎರಡು ಆರೋಪಗಳಾಗಿ ಎತ್ತಿಕೊಳ್ಳುತ್ತದೆ. ಒಂದು ವೈಷಮ್ಯ, ಅಂದರೆ ಪಕ್ಷಪಾತ. ಇನ್ನೊಂದು ನೈರ್ಘೃಣ್ಯ, ಅಂದರೆ ಕರುಣೆಯಿಲ್ಲದಿರುವುದು. ದೇವರು ಅವರವರ ಕರ್ಮ ನೋಡಿ ಫಲ ಕೊಡುತ್ತಾನೆ ಎಂಬುದು ಅದರ ಉತ್ತರ. ಶಂಕರರು ಮಳೆಯ ಹೋಲಿಕೆ ಕೊಡುತ್ತಾರೆ: ಮಳೆ ಎಲ್ಲ ಬೀಜಕ್ಕೂ ಒಂದೇ, ಬೆಳೆ ಮಾತ್ರ ಬೀಜದಂತೆ. ಹೊಸನಗರದ ಹೊಂಬುಜದಲ್ಲಿ ನೆಲೆಯೂರಿದ ಜೈನ ಮತವಾದರೋ ಫಲ ಕೊಡುವ ದೇವರನ್ನೇ ಒಪ್ಪುವುದಿಲ್ಲ. ಕರ್ಮ ತಾನಾಗಿ ಫಲಿಸುತ್ತದೆ ಎನ್ನುತ್ತದೆ.

ಸೂತ್ರಕಾರರು ಉತ್ತರಿಸಿದ್ದು ದೇವರ ಮೇಲಿನ ಆರೋಪಕ್ಕೆ. ಆ ಉತ್ತರವನ್ನು ಹಿಡಿದು ನೊಂದವರ ಮೇಲೆಯೇ ಆರೋಪ ಹೊರಿಸುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಸಾವಿನ ಮನೆಯಂಗಳದಲ್ಲಿ ನಿಂತು ‘ಅವರ ಕರ್ಮ’ ಎಂದು ಹೇಳಿ ಹೋಗುವವರಿಗಿಂತ, ದೇವಿಯ ಮುಂದೆ ದೀಪ ಹಚ್ಚಿ ‘ಯಾಕೆ ಹೀಗೆ ಮಾಡಿದೆ ತಾಯಿ’ ಎಂದು ಜಗಳಕ್ಕೆ ನಿಲ್ಲುವ ಹೆಂಗಸು ಆ ದೇವಿಯ ನ್ಯಾಯವನ್ನು ಹೆಚ್ಚು ನಂಬಿದ್ದಾಳೆ.